ದ್ಯಾಮವ್ವ ಏಳದೆ ಕೂತ ಕುರ್ಚಿ

ನಾನು ಒಂದು ಗಾಲಿಕುರ್ಚಿ. ಹನ್ನೊಂದು ವರ್ಷ ವಿಮಾನ ನಿಲ್ದಾಣಗಳಲ್ಲಿ ದುಡಿದೆ, ಒಂದು ದಿನವೂ ಹಾರಲಿಲ್ಲ. ವಿಮಾನದ ಬಾಗಿಲ ತನಕ ಜನರನ್ನು ಒಯ್ಯುವುದು, ಅಲ್ಲಿ ಇಳಿಸುವುದು, ಖಾಲಿಯಾಗಿ ಮರಳುವುದು, ಇಷ್ಟೇ ನನ್ನ ಪ್ರವಾಸ. ಅದಕ್ಕೆ ನನಗೆ ದುಃಖವಿಲ್ಲ. ನನ್ನ ದುಃಖ ಬೇರೆ, ಅದನ್ನು ಹೇಳಲಿಕ್ಕೇ ಬಾಯಿ ತೆರೆದಿದ್ದೇನೆ. ಮೊದಲೇ ತಿಳಿಸಿಬಿಡುತ್ತೇನೆ, ನನಗೆ ಸ್ವಲ್ಪ ಸಿಟ್ಟು ಜಾಸ್ತಿ. ಊರವರ ಭಾರವನ್ನೆಲ್ಲ ಹೊತ್ತು ಯಾರಿಂದಲೂ ಒಂದು ಒಳ್ಳೆಯ ಮಾತು ಕೇಳದಿದ್ದರೆ ನಿಮಗೂ ಬರುತ್ತದೆ.

ನಾನು ಹುಟ್ಟಿದ್ದು ಬೆಂಗಳೂರಿನ ಹೊರಗಿನ ಒಂದು ತಗಡಿನ ಶೆಡ್ಡಿನಲ್ಲಿ. ಕಬ್ಬಿಣದ ಕೊಳವೆ ಬಗ್ಗಿಸಿದರು, ಬೆಸುಗೆ ಹಾಕಿದರು, ಕಪ್ಪು ರೆಕ್ಸಿನ್ ಎಳೆದು ಕಟ್ಟಿ ಆಸನ ಮಾಡಿದರು. ಹಿಂದೆ ಎರಡು ದೊಡ್ಡ ಗಾಲಿ, ಮುಂದೆ ಎರಡು ಸಣ್ಣವು. ಕೊನೆಗೆ ಬ್ರೇಕು. ಅದನ್ನು ಜೋಡಿಸಿದವನು ಆಂಥೋನಿ ಎಂಬ ಹಳೆಯ ಕೆಲಸಗಾರ. ಬ್ರೇಕಿನ ಎರಡೂ ಹಿಡಿ ಒತ್ತಿ, ಸೊಂಟ ಕೊಟ್ಟು ನನ್ನನ್ನು ತಳ್ಳಿ ನೋಡಿದ. ನಾನು ಅಲುಗಲಿಲ್ಲ. "ಹಿಡಿದ್ರೆ ಬಿಡಬಾರದು. ಕೂತವ್ರು ನಂಬಿ ಕೂತಿರ್ತಾರೆ," ಅಂದ. ಈ ಲೋಕದಲ್ಲಿ ನಾನು ಕೇಳಿಸಿಕೊಂಡ ಮೊದಲ ಮಾತು ಅದು. ಅದನ್ನೇ ನನ್ನ ಧರ್ಮ ಅಂದುಕೊಂಡೆ.

ಮೊದಲ ಮೂರು ವರ್ಷ ಒಂದು ದೊಡ್ಡ ನಿಲ್ದಾಣದಲ್ಲಿದ್ದೆ. ಅಲ್ಲಿ ನಮ್ಮಂಥವರು ನೂರಾರು. ಯಾರು ಕೂತರು, ಯಾರು ಎದ್ದರು ಎಂದು ತಿರುಗಿ ನೋಡುವಷ್ಟರಲ್ಲಿ ಇನ್ನೊಬ್ಬರು ಕೂತಿರುತ್ತಿದ್ದರು. ರೆಕ್ಸಿನ್ ಸ್ವಲ್ಪ ಜೋಲು ಬಿದ್ದದ್ದೇ ತಡ, ಲಾರಿಯಲ್ಲಿ ಹಾಕಿ ಉತ್ತರ ಕರ್ನಾಟಕದ ಒಂದು ಸಣ್ಣ ನಿಲ್ದಾಣಕ್ಕೆ ಸಾಗಿಸಿದರು. ಊರಿನ ಹೆಸರು ಬೇಡ. ದಿನಕ್ಕೆ ನಾಲ್ಕೈದು ವಿಮಾನ, ಒಂದು ಹಜಾರ, ಒಂದು ಚಹಾ ಅಂಗಡಿ, ರಸ್ತೆ ಕಾಣುವ ಒಂದು ಉದ್ದನೆಯ ಗಾಜಿನ ಗೋಡೆ. ನಾನು ಇಷ್ಟಪಟ್ಟದ್ದು ಅದೊಂದೇ ಜಾಗ.

ಯಾಕೆಂದರೆ ಅಲ್ಲಿ ಫಕೀರಪ್ಪ ಇದ್ದ. ನಿಲ್ದಾಣಕ್ಕೆ ಕೂಲಿಯವರನ್ನು ಒದಗಿಸುವ ಒಂದು ಏಜೆನ್ಸಿಯ ಆಳು, ನಲವತ್ತೈದರ ಆಸುಪಾಸು. ನಾನು ಕೆಳಗಿನಿಂದ ನೋಡುವ ಪ್ರಾಣಿ, ಮನುಷ್ಯರನ್ನು ಕಾಲಿನಿಂದ ಗುರುತು ಹಿಡಿಯುತ್ತೇನೆ. ಫಕೀರಪ್ಪನ ಎಡಗಾಲಿನ ಬೂಟು ಹೊರಮಗ್ಗುಲಿಗೆ ಸವೆದಿತ್ತು. ಆ ಸದ್ದು ಹತ್ತಿರ ಬಂದರೆ ನನಗೆ ನೆಮ್ಮದಿ. ಇಳಿಜಾರು ಬಂದಾಗ ನನ್ನನ್ನು ಹಿಂದುಮುಂದಾಗಿ ತಿರುಗಿಸಿ ಇಳಿಸುತ್ತಿದ್ದ, ಕೂತವರು ಮುಂದಕ್ಕೆ ಮುಗ್ಗರಿಸಬಾರದೆಂದು. ವಾರಕ್ಕೊಮ್ಮೆ ನನ್ನ ಗಾಲಿಗೆ ಸುತ್ತಿಕೊಂಡ ಕೂದಲು, ದಾರವನ್ನು ಕಿತ್ತು ಎಣ್ಣೆ ಬಿಡುತ್ತಿದ್ದ. ಇವನಿಗಾಗಿ ಸವೆದು ಹೋದರೂ ಚಿಂತೆಯಿಲ್ಲ ಅನ್ನಿಸುತ್ತಿತ್ತು. ಎಣ್ಣೆ ಬಿಟ್ಟವರನ್ನೆಲ್ಲ ದೇವರೆಂದು ನಂಬುವ ವಯಸ್ಸು ಅದು.

ನಿಮಗೊಂದು ಗುಟ್ಟು ಹೇಳಬೇಕು. ನನ್ನ ಮೇಲೆ ಕೂರುವ ಹತ್ತು ಜನರಲ್ಲಿ ಆರು ಮಂದಿಗೆ ಕಾಲು ಗಟ್ಟಿಯಾಗಿಯೇ ಇರುತ್ತದೆ. ಅವರಿಗೆ ಇಲ್ಲದ್ದು ಧೈರ್ಯ. ಹಿಂದಿ ಬಾರದು, ಇಂಗ್ಲಿಷ್ ಬಾರದು, ಬೋರ್ಡು ಓದಲು ಬಾರದು, ಯಾವ ಸಾಲಿನಲ್ಲಿ ನಿಲ್ಲಬೇಕೋ ತಿಳಿಯದು. ದೂರದ ಊರಿನಲ್ಲಿರುವ ಮಕ್ಕಳು ಟಿಕೆಟ್ಟು ತೆಗೆಸುವಾಗ ಗಾಲಿಕುರ್ಚಿ ಬೇಕು ಎಂದು ಒಂದು ಗುರುತು ಹಾಕಿಬಿಡುತ್ತಾರೆ. ಕುರ್ಚಿಯ ಜೊತೆಗೆ ತಳ್ಳುವವನೊಬ್ಬ ಸಿಗುತ್ತಾನಲ್ಲ, ಅವನು ಬಾಗಿಲಿನಿಂದ ಬಾಗಿಲಿಗೆ ಮುಟ್ಟಿಸುತ್ತಾನೆ. ತಳ್ಳುವವರಿಗೆಲ್ಲ ಇದು ಗೊತ್ತು. ಗೊತ್ತಿದ್ದೂ ಹೇಳುವುದಿಲ್ಲ, ಅದೇ ಅಲ್ಲಿಯ ಪದ್ಧತಿ. ಕಾಲು ನೋವೆಂದು ನರಳುತ್ತ ಬಂದ ಅಜ್ಜ ಹೊರಬಾಗಿಲಲ್ಲಿ ಮೊಮ್ಮಗಳನ್ನು ಕಂಡೊಡನೆ ನನ್ನಿಂದ ಜಿಗಿದು ಓಡುವುದನ್ನು ಎಷ್ಟು ಸಲ ನೋಡಿಲ್ಲ ನಾನು. ಫಕೀರಪ್ಪ ನಗುತ್ತಿದ್ದ, ನಾನೂ ನಗುತ್ತಿದ್ದೆ. ಆ ಸಣ್ಣ ಸುಳ್ಳಿನಿಂದ ಯಾರಿಗೂ ಕೇಡಾಗುವುದಿಲ್ಲ ಅಂದುಕೊಂಡಿದ್ದೆವು.

ಹಾಗೆಯೇ ಬಂದವಳು ದ್ಯಾಮವ್ವ.

ಮುಂಗಾರಿನ ಒಂದು ಬೆಳಿಗ್ಗೆ. ಬಾಗಿಲಲ್ಲಿ ಆಟೋದಿಂದ ಇಳಿದ ಕಾಲು ನೋಡಿದೆ. ಗಟ್ಟಿ ಹಿಮ್ಮಡಿ, ಸರಸರ ಹೆಜ್ಜೆ. ಅರವತ್ತಾರು ವಯಸ್ಸಿನ ಆಕೆ ಪೇಟೆಯಲ್ಲಿ ಖಾನಾವಳಿ ನಡೆಸುವವಳು, ದಿನಕ್ಕೆ ಇನ್ನೂರು ರೊಟ್ಟಿ ಬಡಿಯುವವಳು. ನನ್ನನ್ನು ಕಂಡೊಡನೆ ಹೆಜ್ಜೆ ನಿಧಾನ ಮಾಡಿಕೊಂಡು, ಸೊಂಟಕ್ಕೆ ಕೈಕೊಟ್ಟು, ಬಹಳ ಕಷ್ಟದವರಂತೆ ಕೂತಳು. ನಟನೆ ಅಷ್ಟೇನೂ ಚೆನ್ನಾಗಿರಲಿಲ್ಲ.

ಹೊರಟದ್ದು ದಿಲ್ಲಿಗೆ. ಅಲ್ಲಿ ಅವಳ ತಂಗಿ ಶಾಂತವ್ವನಿಗೆ ಅವತ್ತೇ ಸಂಜೆ ಐದಕ್ಕೆ ಹೃದಯದ ಶಸ್ತ್ರಚಿಕಿತ್ಸೆ. ತಾಯಿ ಸತ್ತಾಗ ಶಾಂತವ್ವನಿಗೆ ನಾಲ್ಕು ವರ್ಷ, ದ್ಯಾಮವ್ವನಿಗೆ ಹದಿನಾಲ್ಕು. ಅಕ್ಕನೇ ಸಾಕಿದಳು. ಆದರೆ ತಂಗಿ ದಿಲ್ಲಿಗೆ ಹೋಗಿ ಚೊಚ್ಚಲ ಹೆರಿಗೆಯಲ್ಲಿ ಸಾವು ಬದುಕಿನ ನಡುವೆ ಇದ್ದಾಗ, ಯಾರದೋ ಮದುವೆಯ ಅಡುಗೆ ಒಪ್ಪಿಕೊಂಡಿದ್ದ ಅಕ್ಕ ಹೋಗಲಿಲ್ಲ. ಆ ಮುಳ್ಳು ಇಬ್ಬರ ಎದೆಯಲ್ಲೂ ಉಳಿದಿತ್ತು. "ಈ ಸಲ ಬಂದ ಬರ್ತೇನಿ. ನಾ ಬಂದು ಮಾರಿ ತೋರಿಸಿದ ಮ್ಯಾಲೇ ನೀ ಒಳಗ ಹೋಗು," ಎಂದು ಅಕ್ಕ ಮಾತು ಕೊಟ್ಟಿದ್ದಳು. ಇದನ್ನೆಲ್ಲ ಆಕೆ ಫಕೀರಪ್ಪನಿಗೆ ತಪಾಸಣೆಯ ಸಾಲಿನಲ್ಲಿ ಹೇಳಿದಳು. ತೊಡೆಯ ಮೇಲೆ ಒಂದು ಹಳೆಯ ಕೌದಿ ಇತ್ತು. ತಾಯಿಯ ಇಳಕಲ್ ಸೀರೆಗಳನ್ನು ಕೂಡಿಸಿ ಅಕ್ಕ ಹೊಲೆದದ್ದು, ತಂಗಿ ಹೊದ್ದು ಬೆಳೆದದ್ದು. ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಅದನ್ನೇ ಹೊದಿಸಬೇಕೆಂದು ಸಾಮಾನಿನಲ್ಲಿ ಹಾಕದೆ ಕೈಯಲ್ಲೇ ಹಿಡಿದು ತಂದಿದ್ದಳು.

ಟಿಕೆಟ್ಟು ತೆಗೆಸಿದವನು ಶಾಂತವ್ವನ ಮಗ ಪ್ರಭು. ಅವನು ಒಂದು ಮಾತು ತಾಕೀತು ಮಾಡಿದ್ದ. "ದೊಡ್ಡವ್ವಾ, ಏನರ ಆಗಲಿ, ಕುರ್ಚಿ ಬಿಟ್ಟು ಏಳಬ್ಯಾಡ. ನೀ ನಡೀತಿ ಅಂತ ಗೊತ್ತಾದ್ರ ಅಲ್ಲೇ ಬಿಟ್ಟು ಹೊಕ್ಕಾರ."

ಶೌಚಾಲಯದ ಬಾಗಿಲ ಹತ್ತಿರ ಆಕೆ ಆಚೆ ಈಚೆ ನೋಡಿ ಎದ್ದು ಚಟಪಟ ನಡೆದು ಹೋಗಿ ಬಂದಳು. ಮತ್ತೆ ಕೂತು, ಫಕೀರಪ್ಪನ ಕೈಗೆ ಎರಡು ಶೇಂಗಾ ಉಂಡಿ ಇಟ್ಟಳು. "ಯಾರಿಗೂ ಹೇಳಬ್ಯಾಡಪಾ."

"ಹೇಳಂಗಿಲ್ಲ ತಗೋರಿ ಯವ್ವಾ," ಎಂದ ಫಕೀರಪ್ಪ. ಉಂಡಿ ತಿಂದ. ಉಂಡ ಮನೆಗೆ ಎರಡು ಬಗೆಯಬಾರದು ಅನ್ನುತ್ತಾರೆ. ತಿಂದದ್ದು ನಾನು ನೋಡಿದ್ದೇನೆ, ಅಷ್ಟೇ ಹೇಳುತ್ತೇನೆ.

ಒಂಬತ್ತು ಗಂಟೆಗೆ ವಿಮಾನ ರದ್ದಾಯಿತು.

ವಿಮಾನ ರದ್ದಾದಾಗ ಜನ ಹೇಗೆ ಬದಲಾಗುತ್ತಾರೆ ಎಂದು ನನ್ನನ್ನು ಕೇಳಿ. ಹತ್ತು ನಿಮಿಷದ ಹಿಂದೆ ಒಬ್ಬರಿಗೊಬ್ಬರು ದಾರಿ ಬಿಟ್ಟವರು ಈಗ ಮೊಣಕೈ ತೂರಿಸುತ್ತಾರೆ. ಕೆಲವರು ಕೂಗಾಡುತ್ತಾರೆ, ಅವರಿಗೆ ಬಿಸ್ಕತ್ತು ಸಿಗುತ್ತದೆ. ಕೆಲವರು ಕೂಗದೆ ಸೀದಾ ಕೌಂಟರಿಗೆ ಓಡಿ ಮುಂದಿನ ವಿಮಾನ ಯಾವುದು, ಅದರಲ್ಲಿ ಹಾಕಿಕೊಡಿ ಅನ್ನುತ್ತಾರೆ, ಅವರಿಗೆ ಸೀಟು ಸಿಗುತ್ತದೆ. ಕೂತಲ್ಲೇ ಕೂತು, ಯಾರಾದರೂ ಬಂದು ಹೇಳುತ್ತಾರೆ ಎಂದು ನಂಬುವವರಿಗೆ ಏನೂ ಸಿಗುವುದಿಲ್ಲ. ನನ್ನ ಮೇಲೆ ಕೂರುವವರೆಲ್ಲ ಈ ಮೂರನೆಯ ಜಾತಿ.

ಎಲ್ಲರನ್ನೂ ಹಜಾರಕ್ಕೆ ವಾಪಸು ಕರೆತಂದರು. ಎರಡು ತಾಸಿನ ದಾರಿಯಲ್ಲಿರುವ ಇನ್ನೊಂದು ನಿಲ್ದಾಣದಿಂದ ದಿಲ್ಲಿಗೆ ವಿಮಾನವಿದೆ, ಅಲ್ಲಿಗೆ ಬಸ್ಸಿನಲ್ಲಿ ಒಯ್ಯುತ್ತೇವೆ ಎಂದು ವಿಮಾನ ಕಂಪನಿಯ ಮೇಡಂ ಸಾರಿದಳು. ದ್ಯಾಮವ್ವನ ಎದೆಬಡಿತ ನನ್ನ ಬೆನ್ನಿಗೆ ತಾಗುತ್ತಿತ್ತು. ಫಕೀರಪ್ಪ ನನ್ನನ್ನು ಬಸ್ಸಿನ ಬಾಗಿಲ ತನಕ ತಳ್ಳಿ ನಿಲ್ಲಿಸಿ ಬ್ರೇಕು ಹಾಕಿದ. ಬಸ್ಸಿಗೆ ಮೂರು ಎತ್ತರದ ಮೆಟ್ಟಿಲು.

"ವೀಲ್‌ಚೇರಿನೋರು ಬಸ್ಸಿಗೆ ಬ್ಯಾಡ್ರಿ. ಹತ್ತಿಸೂದು ಇಳಿಸೂದು ತ್ರಾಸಾಗತೈತಿ. ಅವರಿಗೆ ಬ್ಯಾರೆ ಕಾರ್ ಬರ್ತೈತಿ," ಎಂದಳು ಮೇಡಂ, ಪಟ್ಟಿಯಿಂದ ತಲೆ ಎತ್ತದೆ.

ಆಗ ನನ್ನ ಮೇಲಿನ ಭಾರ ಹಗುರಾಯಿತು. ದ್ಯಾಮವ್ವ ಎರಡೂ ಕೈ ಊರಿ ಅರ್ಧ ಎದ್ದಿದ್ದಳು. ಬೇರೆ ಯಾರಿಗೂ ಅದು ಕಾಣಲಿಲ್ಲ, ನನಗೆ ಗೊತ್ತಾಯಿತು. ಆ ಮೂರು ಮೆಟ್ಟಿಲು ಅವಳಿಗೆ ಯಾವ ಲೆಕ್ಕ, ರೊಟ್ಟಿಯ ಬುಟ್ಟಿ ಹೊತ್ತು ದಿನಾ ಅಟ್ಟ ಹತ್ತುವವಳು. ತಿರುಗಿ ಫಕೀರಪ್ಪನ ಮುಖ ನೋಡಿದಳು. ಹೇಳು, ನೀನೇ ಹೇಳು ಅನ್ನುವ ನೋಟ ಅದು.

ಫಕೀರಪ್ಪ ನೆಲ ನೋಡಿದ. ನಡೆಯಲು ಬರುವವರನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ಬಂದೆಯಾ ಎಂದು ಮೇಡಂ ತನ್ನನ್ನೇ ಕೇಳಿಯಾಳು ಎಂಬ ಅಳುಕು. "ಕಾರ್ ಬರ್ತೈತಂತಲ್ರಿ ಯವ್ವಾ, ಕುಂದರ್ರಿ. ಆರಾಮ ಹೋಗಬಹುದು," ಎಂದ.

ದ್ಯಾಮವ್ವ ಪ್ರಭುವಿಗೆ ಫೋನು ಮಾಡಿದಳು. ಕಿವಿ ಸ್ವಲ್ಪ ಮಂದವಾದ್ದರಿಂದ ಆಕೆಯ ಫೋನು ಊರಿಗೆಲ್ಲ ಕೇಳುವಂತೆ ಇತ್ತು. ಅವನು ರಕ್ತ ಕೊಡುವವರನ್ನು ಹುಡುಕುವ ಗಡಿಬಿಡಿಯಲ್ಲಿದ್ದ. "ಕಾರಿನ್ಯಾಗ ಕಳಸ್ತಾರಂದ್ರ ಛಲೋನ ಆತಲ್ಲ ದೊಡ್ಡವ್ವಾ. ನೀ ಏಳಬ್ಯಾಡ, ಅಷ್ಟ," ಎಂದು ಇಟ್ಟುಬಿಟ್ಟ. ಭಾರ ಮತ್ತೆ ನನ್ನ ಮೇಲೆ ಬಿತ್ತು. ಬಸ್ಸು ಹೊರಟಿತು.

ಫಕೀರಪ್ಪ ನನ್ನನ್ನು ಹಜಾರದ ಗಾಜಿನ ಗೋಡೆಯ ಪಕ್ಕಕ್ಕೆ ತಂದ, ಬರುವ ಕಾರು ಕಾಣಲೆಂದು. ಮತ್ತೆ ಬ್ರೇಕು ಹಾಕಿದ. "ಈಗ ಬಂದೆ," ಅಂದ.

ಬರಲಿಲ್ಲ ಎಂದರೆ ತಪ್ಪಾಗುತ್ತದೆ. ಹನ್ನೊಂದಕ್ಕೆ ಒಮ್ಮೆ ದೂರದಿಂದ ಕೈ ಎತ್ತಿದ, ಒಂದು ಗಂಟೆಗೆ ಹಾದು ಹೋಗುತ್ತ "ಬರ್ತೈತ್ರಿ" ಅಂದ. ಎರಡಕ್ಕೆ ಅವನ ಪಾಳಿ ಮುಗಿಯಿತು. ಸವೆದ ಬೂಟಿನ ಸದ್ದು ನಮ್ಮ ಹಿಂದಿನಿಂದಲೇ ಹಾದು ಬಾಗಿಲ ಕಡೆಗೆ ಹೋಯಿತು. ನಾನು ಕಿವಿಗೊಟ್ಟು ಕೇಳಿದೆ. ಆ ಸದ್ದು ಎಲ್ಲಿಯೂ ನಿಲ್ಲಲಿಲ್ಲ. ಎರಡನೆಯ ಪಾಳಿಯವರಿಗೆ ಅವನು ಏನೂ ಹೇಳಿರಲಿಲ್ಲ.

ಆ ಹೊತ್ತಿನಲ್ಲಿ ದ್ಯಾಮವ್ವ ಎಷ್ಟು ಕಾರು ನೋಡಿದಳೋ. ಬಿಳಿ ಕಾರು ಬಂದರೆ ಸೆರಗು ಸರಿಮಾಡಿಕೊಳ್ಳುವಳು. ಅದರಿಂದ ಯಾರೋ ಇಳಿದು ಹೋದರೆ ಮತ್ತೆ ಬೆನ್ನು ಒರಗಿಸುವಳು. ನೀರು ಕುಡಿಯಲಿಲ್ಲ, ಕುಡಿದರೆ ಶೌಚಾಲಯಕ್ಕೆ ಏಳಬೇಕಲ್ಲ. ಪ್ರಭುವಿಗೆ ಮತ್ತೆ ಫೋನು ಮಾಡಲಿಲ್ಲ, ಆಸ್ಪತ್ರೆಯ ಗದ್ದಲದಲ್ಲಿ ಅವನಿಗೆ ಯಾಕೆ ತೊಂದರೆ ಎಂದು. ನನ್ನ ಆಸನ ಜೋಲು ಬಿದ್ದಿದ್ದರಿಂದ ಸೊಂಟ ನಿಜವಾಗಿಯೂ ಹಿಡಿಯಿತು. ಕೌದಿ ಮಡಿಸಿ ಕೆಳಗೆ ಹಾಕಿಕೊಂಡಳು. ಮುಂದೊಂದು ಹೊತ್ತಿನಲ್ಲಿ ಬೋರ್ಡಿನ ಮೇಲೆ ರದ್ದು ಎಂದು ಬರೆದಿದ್ದ ಸಾಲೂ ಅಳಿಸಿ ಹೋಯಿತು. ಅಂಥ ವಿಮಾನವೊಂದು ಇತ್ತು, ಅದಕ್ಕೆ ಕಾಯುವವಳೊಬ್ಬಳು ಇದ್ದಾಳೆ ಎಂಬುದಕ್ಕೆ ಆ ಹಜಾರದಲ್ಲಿ ಸಾಕ್ಷಿ ಉಳಿದದ್ದು ನಾನೊಬ್ಬ.

ಎದ್ದು ಕೇಳಬಾರದಿತ್ತೆ ಎಂದು ನೀವು ಅನ್ನುತ್ತೀರಿ. ಎಲ್ಲರೂ ಅದನ್ನೇ ಅಂದರು.

ನಾಲ್ಕಕ್ಕೆ ಸ್ವಲ್ಪ ಮುಂಚೆ ಫೋನು ಬಂತು. ಪ್ರಭು ದಿಲ್ಲಿ ನಿಲ್ದಾಣದ ಹೊರಬಾಗಿಲಲ್ಲಿ ನಿಂತಿದ್ದ.

"ದೊಡ್ಡವ್ವಾ, ನಿಮ್ಮ ಬಸ್ಸಿನವರೆಲ್ಲಾ ಬಂದ್ರು. ನೀ ಎಲ್ಲಿದ್ದಿ?"

"ಇಲ್ಲೇ ಅದೇನಪಾ. ಕುರ್ಚಿ ಮ್ಯಾಲ. ಕಾರ್ ಬರ್ತೈತಂತ."

"ಇನ್ನೂ ಅಲ್ಲೇ? ಆರು ತಾಸು ಆತು. ಎದ್ದು ಹೋಗಿ ಒಂದ ಮಾತು ಕೇಳಾಕ ಏನಾಗಿತ್ತು? ಕಾಲಿಲ್ಲೇನು ನಿನಗ?"

ಏಳಬೇಡ ಅಂದವನೇ ಕೇಳಿದ. ದ್ಯಾಮವ್ವ ಫೋನು ತೊಡೆಯ ಮೇಲೆ ಇಟ್ಟುಕೊಂಡು ಅದನ್ನೇ ನೋಡುತ್ತ ಕೂತಳು. ಅದು ಮತ್ತೆ ಬಡಿದುಕೊಂಡಿತು. ಈ ಸಲ ಶಾಂತವ್ವ, ಆಸ್ಪತ್ರೆಯ ಮಂಚದ ಮೇಲಿನಿಂದ.

"ಅಕ್ಕಾ."

"ಶಾಂತಾ, ವಿಮಾನ ರದ್ದಾತವ್ವಾ. ನಾ ಬರಾಕ ನಿಂತೇನಿ..."

"ಉಳದವ್ರೆಲ್ಲಾ ಬಂದಾರಂತ. ಪ್ರಭು ಹೇಳಿದ." ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. "ಆಗೂ ಬರಲಿಲ್ಲ, ಈಗೂ ಬರಲಿಲ್ಲ. ಇರಲಿ ಬಿಡಕ್ಕಾ. ನಾ ಒಳಗ ಹೊಕ್ಕೇನಿ."

ದ್ಯಾಮವ್ವ ಎದ್ದಳು. ನಟನೆಯಿಲ್ಲ, ಸೊಂಟಕ್ಕೆ ಕೈಯಿಲ್ಲ. ಹಜಾರದ ಆಚೆ ತುದಿಯ ಕೌಂಟರಿಗೆ ಬಾಣದಂತೆ ನಡೆದಳು. ಮೇಡಂ ತಲೆ ಎತ್ತಿ ಮೊದಲು ನೋಡಿದ್ದು ಆ ಕಾಲುಗಳನ್ನು. ಅವಳೇನೂ ಕೆಟ್ಟವಳಲ್ಲ, ನಿಜವಾಗಿಯೂ ಆಶ್ಚರ್ಯಪಟ್ಟೇ ಕೇಳಿದಳು.

"ಅಯ್ಯ, ನಿಮಗ ನಡ್ಯಾಕ ಬರ್ತೈತಲ್ರಿ ಅಮ್ಮಾ. ಕಾರ್ ಸಿಗಲೇ ಇಲ್ಲ, ಮೊದಲ ಹೇಳಿದ್ರ ಬಸ್ಸಿನ್ಯಾಗ ಕಳಸ್ತಿದ್ದೆ."

ದ್ಯಾಮವ್ವ ಅಲ್ಲಿಂದ ಸೀದಾ ಬಾಗಿಲಿಗೆ ನಡೆದಳು. ಜನ ಒಬ್ಬರಿಗೊಬ್ಬರು ತೋರಿಸಿಕೊಂಡು ನಕ್ಕರು. ತಿರುಗಿ ನೋಡಲಿಲ್ಲ ಆಕೆ. ಕೌದಿ ನನ್ನ ಮೇಲೆಯೇ ಉಳಿಯಿತು, ಇನ್ನೂ ಬೆಚ್ಚಗಿತ್ತು.

ಮರುದಿನ ಬೆಳಿಗ್ಗೆ ಫಕೀರಪ್ಪ ಬಂದ. ಕೌದಿ ನೋಡಿ ಒಂದು ಗಳಿಗೆ ನಿಂತ. ಬಿಟ್ಟು ಹೋದ ಸಾಮಾನನ್ನು ಕಚೇರಿಗೆ ಒಪ್ಪಿಸಬೇಕು. ಒಪ್ಪಿಸಿದರೆ ಯಾರದು, ಯಾವಾಗಿನದು, ಅವರನ್ನು ಕೂರಿಸಿದವರು ಯಾರು ಎಂದು ಬರೆಸಬೇಕು. ಅವನು ಅದನ್ನು ಸುತ್ತಿ ತನ್ನ ಚೀಲಕ್ಕೆ ಹಾಕಿಕೊಂಡ. ಅವನ ಕೈ ನನ್ನ ಹಿಡಿಗಳ ಮೇಲೆ ಬಂದಾಗ ಮೊದಲ ಸಲ ನನಗೆ ಮೈ ಮುದುಡಿತು.

ಹತ್ತು ದಿನದ ಮೇಲೆ ಗಾಜಿನ ಗೋಡೆಯ ಆಚೆ ಆ ಗಟ್ಟಿ ಹಿಮ್ಮಡಿ ಮತ್ತೆ ಕಂಡವು. ಟಿಕೆಟ್ಟಿಲ್ಲದವರಿಗೆ ಒಳಗೆ ಪ್ರವೇಶವಿಲ್ಲ. ಬಾಗಿಲು ಕಾಯುವವನ ಮುಂದೆ ದ್ಯಾಮವ್ವ ಕೈಯಾಡಿಸಿ ಏನೋ ಹೇಳುತ್ತಿದ್ದಳು. ನನ್ನನ್ನು ನೋಡಿ ಬೆರಳು ಮಾಡಿ ತೋರಿಸಿದಳು. ನನ್ನ ಮೇಲೆ ಆಗ ಬೇರೆ ಯಾರೋ ಕೂತಿದ್ದರು. ಆಕೆ ಹೋದ ಮೇಲೆ ಆ ಕಾವಲುಗಾರ ಫಕೀರಪ್ಪನ ಹತ್ತಿರ ಬಂದ.

"ಯಾವಾಕಿಯೋ ಯವ್ವ ಒಂದು ಕೌದಿ ಬಿಟ್ಟಾಳಂತ. ತಂಗಿದು ಆಪರೇಶನ್ ಆಗಿ ಬದುಕ್ಯಾಳಂತ, ಆದ್ರ ಫೋನ್ ಎತ್ತವಲ್ಲಳಂತ. ಅಕ್ಕ ಸುಳ್ಳ ಹೇಳ್ಯಾಳ, ಮನ್ಯಾಗ ಕುಂತಿದ್ಲು ಅಂತ ತಿಳದಾಳಂತ. ಇಲ್ಲೇ ಸಿಕ್ಕಿತು ಅಂತ ಕಚೇರಿ ಚೀಟಿ ಹಚ್ಚಿ ಕೌದಿ ಟಪಾಲಿಗೆ ಹಾಕಿದ್ರ, ಹೊತ್ತ ಇಲ್ಲಿಮಟ ಬಂದಿದ್ದು ತಂಗಿಗೆ ತಿಳಿತೈತಿ ಅಂತಾಳ. ನೋಡೀಯೇನು?"

"ಇಲ್ಲಪಾ. ಯಾವ ಕೌದಿ?" ಎಂದ ಫಕೀರಪ್ಪ. ಕೆಲಸ ಹೋದೀತೆಂಬ ಭಯ, ನನಗೆ ಅರ್ಥವಾಗುತ್ತದೆ. ಅರ್ಥವಾದ ಮಾತ್ರಕ್ಕೆ ಕ್ಷಮಿಸಲು ಬರುವುದಿಲ್ಲ. ಆಕೆಯ ಮಾತಿಗಿದ್ದ ಒಂದೇ ಒಂದು ಪುರಾವೆ ಅವನ ಮನೆಯಲ್ಲಿತ್ತು.

ಆಮೇಲಿನ ವರ್ಷಗಳನ್ನು ಚುಟುಕಾಗಿ ಹೇಳುತ್ತೇನೆ, ಹೇಳಲು ಮನಸ್ಸಿಲ್ಲ. ನನ್ನ ಮುಂದಿನ ಗಾಲಿಯೊಂದು ವಾಲಿತು, ರೆಕ್ಸಿನ್ ಹರಿಯಿತು. ಒಂದು ಮಳೆಗಾಲ ನಿಲ್ದಾಣದ ಇಳಿಜಾರಿನಲ್ಲಿ ಜಾರಿ ಫಕೀರಪ್ಪನ ಸೊಂಟದ ಎಲುಬು ಮುರಿಯಿತು. ಏಜೆನ್ಸಿಯವರು ಅವನಿಗೆ ಹಾರ ಹಾಕಿ, ಗುಜರಿಗೆ ಹೋಗಬೇಕಿದ್ದ ನನ್ನನ್ನು ಕಾಣಿಕೆಯೆಂದು ಕೊಟ್ಟು ಕೈ ತೊಳೆದುಕೊಂಡರು.

ಈಗ ನಾವಿಬ್ಬರೂ ಅವನ ಮನೆಯ ಅಂಗಳದಲ್ಲಿದ್ದೇವೆ. ಬೆಳಿಗ್ಗೆ ಅವನ ಹೆಂಡತಿ ಯಲ್ಲಮ್ಮ ಅವನನ್ನು ನನ್ನ ಮೇಲೆ ಕೂರಿಸಿ, ಬೇವಿನ ನೆರಳಿಗೆ ತಳ್ಳಿ, "ಈಗ ಬಂದೆ" ಎಂದು ಕೂಲಿಗೆ ಹೋಗುತ್ತಾಳೆ. ನೆರಳು ಸರಿದು ಬಿಸಿಲು ಮೈಮೇಲೆ ಬರುತ್ತದೆ. ಅವನು ಬೀದಿಯ ಕಡೆ ನೋಡುತ್ತ ಕೂತಿರುತ್ತಾನೆ. ಯಾರಾದರೂ ಮಾತಿಗೆ ನಿಂತರೆ, "ಇಷ್ಟ ವರ್ಷ ಮಂದೀನ ದಾಟಿಸಿದೆ, ಒಬ್ಬರನ್ನೂ ಕೈ ಬಿಟ್ಟಿಲ್ಲ" ಅನ್ನುತ್ತಾನೆ. ಕೇಳಿ ಕೇಳಿ ನನ್ನ ಕಬ್ಬಿಣಕ್ಕೂ ತುಕ್ಕು ಹಿಡಿದಿದೆ.

ಹರಿದ ಆಸನದ ಮೇಲೆ ಯಲ್ಲಮ್ಮ ಒಂದು ಹಳೆಯ ಕೌದಿ ಮಡಿಸಿ ಹಾಕಿದ್ದಾಳೆ. ಗಂಡ ಎಲ್ಲಿಂದಲೋ ತಂದದ್ದು, ಒಳ್ಳೆಯ ಹೊಲಿಗೆ ಎಂದಷ್ಟೇ ಅವಳಿಗೆ ಗೊತ್ತು. ಚಳಿಗೆ ಹೊದ್ದುಕೊಳ್ಳಿ ಎಂದರೆ ಅವನು ಒಪ್ಪುವುದಿಲ್ಲ.

ಮೊನ್ನೆ ಮಧ್ಯಾಹ್ನ ಬಿಸಿಲು ಬಹಳವಿತ್ತು, ಕರೆದರೂ ಯಾರೂ ಬರಲಿಲ್ಲ. ಅವನು ತೊಡೆಯ ಪಕ್ಕದಲ್ಲಿ ಕೌದಿಯ ಅಂಚನ್ನು ಹಿಡಿದು ಹೆಬ್ಬೆರಳಿನಿಂದ ಹೊಲಿಗೆಯನ್ನು ಸವರುತ್ತ ಬಹಳ ಹೊತ್ತು ಕೂತಿದ್ದ. ಆಮೇಲೆ ಮೆಲ್ಲಗೆ ಅಂದ, "ನೀ ಏಳಬೇಕಾಗಿತ್ತಬೇ ಯವ್ವಾ."

ಇಷ್ಟು ವರ್ಷದ ಮೇಲೂ ತಪ್ಪು ಆಕೆಯದೇ. ಅವನಿಗೆ ಕೇಳಿಸುವ ಬಾಯಿದ್ದಿದ್ದರೆ ನಾನು ಕೂಗಿಬಿಡುತ್ತಿದ್ದೆ, ಎಬ್ಬಿಸಬೇಕಾದವನು ನೀನಾಗಿದ್ದೆ ಎಂದು. ಆದರೆ ಸಿಟ್ಟು ಇಳಿದ ಮೇಲೆ ಇನ್ನೊಂದು ಮಾತು ನನ್ನನ್ನೇ ಬಂದು ಕುಟುಕಿತು. ಬಸ್ಸಿನ ಬಾಗಿಲಲ್ಲಿ ಬ್ರೇಕು ಹಾಕಿದ್ದು ಅವನ ಕೈ, ಹಿಡಿದುಕೊಂಡು ನಿಂತದ್ದು ನಾನು. ಆಂಥೋನಿಯ ಮಾತನ್ನೇ ಧರ್ಮವೆಂದು ನಂಬಿ ಕಲ್ಲಾಗಿ ನಿಂತೆ. ಆ ಗಳಿಗೆಯಲ್ಲಿ ಒಂದು ಗೇಣು ಜಾರಿದ್ದರೆ ಸಾಕಿತ್ತು, ದ್ಯಾಮವ್ವ ತಟ್ಟನೆ ಕಾಲೂರಿ ನಿಲ್ಲುತ್ತಿದ್ದಳು, ಎಲ್ಲರೂ ನೋಡುತ್ತಿದ್ದರು, ಯಾರಾದರೊಬ್ಬರು ಬಸ್ಸು ಹತ್ತಿಸುತ್ತಿದ್ದರು.

ಈಗ ನನ್ನ ಬ್ರೇಕು ಸವೆದಿದೆ. ಗಾಳಿ ಬೀಸಿದರೂ ನಾಲ್ಕು ಬೆರಳು ಜರುಗುತ್ತೇನೆ.